ಐದು ಸಾವಿರ ವರ್ಷ ಯಾರೂ ಅಳೆಯದ ವೇಗ

ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಜಜ್ಜಿ ಚಪ್ಪಟೆ ಮಾಡುವುದು. ನಟ್ಟನಡುವೆ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಮೊಳೆಯಿಂದ ಎರಡು ತೂತು ಹೊಡೆಯುವುದು. ಒಂದು ತೂತಿನಲ್ಲಿ ದಾರ ತೂರಿಸಿ, ಇನ್ನೊಂದರಲ್ಲಿ ವಾಪಸು ಎಳೆದು, ತುದಿಗಳಿಗೆ ಗಂಟು ಹಾಕುವುದು. ಆಟಿಕೆ ಸಿದ್ಧ. ದಾರದ ಎರಡು ಕೊನೆಗಳನ್ನು ಎರಡು ಕೈಯ ಬೆರಳಿಗೆ ಸಿಕ್ಕಿಸಿಕೊಂಡು, ಮುಚ್ಚಳವನ್ನು ಒಂದಷ್ಟು ಸುತ್ತು ಬೀಸಿ ದಾರಕ್ಕೆ ಹುರಿ ಏರಿಸಿ, ಎಳೆದು ಸಡಿಲಿಸಿ, ಮತ್ತೆ ಎಳೆದು ಸಡಿಲಿಸಿದರೆ ಮುಚ್ಚಳ ಗುಂಯ್ಯೆಂದು ತಿರುಗತೊಡಗುತ್ತದೆ. ಸೋಡಾ ಮುಚ್ಚಳ ಸಿಗದಿದ್ದರೆ ಕೋಟಿನ ದೊಡ್ಡ ಗುಂಡಿಯಾದರೂ ನಡೆಯುತ್ತದೆ. ಊರಿಗೊಂದು ಹೆಸರಿರುವ ಈ ಆಟಿಕೆಯನ್ನು ಇಲ್ಲಿ ಗಿರಗಿಟ್ಲೆ ಅನ್ನೋಣ.

ಇದು ಎಷ್ಟು ಹಳೆಯದೆಂದರೆ, ಲೋಹದ ಮುಚ್ಚಳವಾಗಲಿ ಅಂಗಿಯ ಗುಂಡಿಯಾಗಲಿ ಹುಟ್ಟುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಇತ್ತು. ಒಡೆದ ಮಡಕೆಯ ಚೂರನ್ನು ಉಜ್ಜಿ ದುಂಡಗೆ ಮಾಡಿ, ನಡುವೆ ಎರಡು ತೂತು ಕೊರೆದ ಬಿಲ್ಲೆಗಳು ಉತ್ಖನನಗಳಲ್ಲಿ ಸಿಕ್ಕಿವೆ. ಇದರ ಇತಿಹಾಸವನ್ನು ಕ್ರಿಸ್ತಪೂರ್ವ 3300ರವರೆಗೂ ಒಯ್ಯುತ್ತಾರೆ. ಉತ್ತರ ಧ್ರುವದ ಹತ್ತಿರದ ಇನ್ಯೂಟ್ ಜನ ಮೂಳೆಯಲ್ಲಿ ಮಾಡಿಕೊಂಡರು, ಅಮೆರಿಕದ ಮೂಲನಿವಾಸಿಗಳು ಮರದಲ್ಲೂ ಮಾಡಿಕೊಂಡರು. ಇಷ್ಟು ನಾಡುಗಳ ಇಷ್ಟು ತಲೆಮಾರಿನ ಮಕ್ಕಳು ಇದರ ಸದ್ದು ಕೇಳಿ ಖುಷಿಪಟ್ಟಿದ್ದಾರೆ. ಅದು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂದು ಕೂತು ಅಳೆಯುವ ಗೋಜಿಗೆ ಮಾತ್ರ ಯಾರೂ ಹೋದಂತಿಲ್ಲ. ಆಟದ ಸಾಮಾನಿನ ವೇಗ ಅಳೆದು ಆಗಬೇಕಾದ್ದಾದರೂ ಏನು?

ಆಗಬೇಕಾದ್ದು ಬಹಳ ಇತ್ತು ಎಂದು ತಿಳಿದದ್ದು 2017ರ ಜನವರಿ 10ರಂದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್, ಸಾದ್ ಭಾಮ್ಲಾ ಮತ್ತು ಸಂಗಡಿಗರ ಸಂಶೋಧನಾ ಲೇಖನ ಅವತ್ತು 'ನೇಚರ್ ಬಯೋಮೆಡಿಕಲ್ ಎಂಜಿನಿಯರಿಂಗ್' ಪತ್ರಿಕೆಯಲ್ಲಿ ಬಂತು. ಕಾಗದದ ಬಿಲ್ಲೆ, ದಾರ, ಹಿಡಿದುಕೊಳ್ಳಲು ಎರಡು ಹಿಡಿ, ಇಷ್ಟೇ ಸಾಮಾನಿನ ಗಿರಗಿಟ್ಲೆಯನ್ನು ಕೈಯಲ್ಲಿ ಎಳೆದು ನಿಮಿಷಕ್ಕೆ 1,25,000 ಸುತ್ತು ತಿರುಗಿಸಿದ್ದಾಗಿ ಅದರಲ್ಲಿ ಬರೆದಿದ್ದರು. ತೂಕ 2 ಗ್ರಾಂ. ತಯಾರಿಕೆಯ ಖರ್ಚು 20 ಸೆಂಟ್, ಆಗಿನ ವಿನಿಮಯದರದಲ್ಲಿ 13-14 ರೂಪಾಯಿ. ಅವರು ಇದಕ್ಕಿಟ್ಟ ಹೆಸರು ಪೇಪರ್‌ಫ್ಯೂಜ್. ಇದು ಮಾಡುವುದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಮಷಿನ್ ಮಾಡುವ ಕೆಲಸ.

ಸೆಂಟ್ರಿಫ್ಯೂಜ್ ಯಾಕೆ ಬೇಕು ಎನ್ನುವುದನ್ನು ಮೊದಲು ನೋಡೋಣ. ರಕ್ತವನ್ನು ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ ಗಾಜಿನ ಕೊಳವೆಯಲ್ಲಿ ನಿಲ್ಲಿಸಿದರೆ ಭಾರದ ಕೆಂಪು ಕಣಗಳು ಮೆಲ್ಲಗೆ ತಳಕ್ಕೆ ಇಳಿಯುತ್ತವೆ, ತಿಳಿಹಳದಿ ಪ್ಲಾಸ್ಮಾ ಮೇಲೆ ಉಳಿಯುತ್ತದೆ. ವೈದ್ಯರು ಬರೆದುಕೊಡುವ ಇಎಸ್‌ಆರ್ ಪರೀಕ್ಷೆ ಇದೇ. ಆರೋಗ್ಯವಂತರ ರಕ್ತದಲ್ಲಿ ಈ ಇಳಿತ ಗಂಟೆಗೆ ಕೆಲವೇ ಮಿಲಿಮೀಟರ್. ಅಷ್ಟು ಕಾಯುವುದಕ್ಕೆ ಪುರಸೊತ್ತಿಲ್ಲದಿದ್ದಾಗ ಕೊಳವೆಯನ್ನು ಜೋರಾಗಿ ತಿರುಗಿಸಬೇಕು. ತಿರುಗುವಾಗ ಭಾರದ ಕಣಗಳು ಅಂಚಿನ ಕಡೆ ಒತ್ತರಿಸಿಕೊಳ್ಳುತ್ತವೆ. ಭೂಮಿಯ ಸೆಳೆತ ಗಂಟೆಗಟ್ಟಲೆ ಮಾಡುವುದನ್ನು ಸಾವಿರಾರು ಪಟ್ಟು ಹೆಚ್ಚಿನ ಬಲ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ರಕ್ತಹೀನತೆ ಎಷ್ಟಿದೆ ಎಂದು ನೋಡಲು, ಪ್ಲಾಸ್ಮಾ ತೆಗೆದು ಬೇರೆ ಪರೀಕ್ಷೆಗೆ ಕಳಿಸಲು, ಮೂತ್ರದಲ್ಲಿ ತೇಲುವುದನ್ನು ತಳಕ್ಕೆ ಕೂರಿಸಿ ನೋಡಲು, ಎಲ್ಲಕ್ಕೂ ಮೊದಲ ಹೆಜ್ಜೆ ಇದು. ಈ ಹೆಜ್ಜೆಯೇ ಇಡಲಾಗದಿದ್ದರೆ ಮುಂದಿನ ಪರೀಕ್ಷೆಗಳಿಗೆ ದಾರಿಯೇ ಇಲ್ಲ.

ಮನು ಪ್ರಕಾಶ್ ಹುಟ್ಟಿದ್ದು ಉತ್ತರ ಪ್ರದೇಶದ ಮೀರಠ್‌ನಲ್ಲಿ. ಕಾನ್ಪುರದ ಐಐಟಿಯಲ್ಲಿ ಓದಿ, ಎಂಐಟಿಯಲ್ಲಿ ಪಿಎಚ್‌ಡಿ ಮಾಡಿ ಸ್ಟ್ಯಾನ್‌ಫರ್ಡ್ ಸೇರಿದವರು. ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಅಗ್ಗದ ಸೂಕ್ಷ್ಮದರ್ಶಕ ಅವರದೇ ಪ್ರಯೋಗಾಲಯದ ಕೂಸು. 2013ರಲ್ಲಿ ಅವರು ಉಗಾಂಡಾದ ಆಸ್ಪತ್ರೆಗಳನ್ನು ಸುತ್ತುತ್ತಿದ್ದಾಗ ಒಂದು ಕಡೆ ದುಬಾರಿ ಸೆಂಟ್ರಿಫ್ಯೂಜ್ ಮಷಿನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಡುವ ಕಲ್ಲಿನ ಕೆಲಸ ಮಾಡುತ್ತಿತ್ತು. ಕೆಟ್ಟಿತ್ತು ಅಂತಲ್ಲ, ಅಲ್ಲಿ ಕರೆಂಟೇ ಇರಲಿಲ್ಲ. ಮಷಿನ್ನು ಬಂದಿತ್ತು, ಪ್ಲಗ್ಗು ಚುಚ್ಚುವ ಗೋಡೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ.

ಕರೆಂಟಿಲ್ಲದ ಸೆಂಟ್ರಿಫ್ಯೂಜ್ ಮಾಡಬೇಕು ಎಂದು ಯೋಚಿಸಿದವರಲ್ಲಿ ಪ್ರಕಾಶ್ ಮೊದಲಿಗರೇನಲ್ಲ. ಕೈಯಿಂದ ಹಿಡಿ ತಿರುಗಿಸುವ ಸೆಂಟ್ರಿಫ್ಯೂಜ್‌ಗಳು ಹಿಂದಿನಿಂದಲೂ ಇದ್ದವು. ಭಾರ, ಬೆಲೆಯೂ ಹೆಚ್ಚು. 2008ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಮೊಟ್ಟೆ ಕಡೆಯುವ ಕೈಮಂತಿಗೆ ಸಣ್ಣ ಕೊಳವೆ ಕಟ್ಟಿ ರಕ್ತ ಬೇರ್ಪಡಿಸಿ ತೋರಿಸಿತು. ಅದರ ವೇಗ ನಿಮಿಷಕ್ಕೆ 1,200 ಸುತ್ತಿನ ಆಸುಪಾಸು. 2010ರಲ್ಲಿ ರೈಸ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿನಿಯರು ತೊಳೆದ ಸೊಪ್ಪಿನ ನೀರು ಬಸಿಯುವ ಸಲಾಡ್ ಬುಟ್ಟಿಯನ್ನೇ ಸೆಂಟ್ರಿಫ್ಯೂಜ್ ಮಾಡಿದರು; ಖರ್ಚು ಸುಮಾರು 30 ಡಾಲರ್, ವೇಗ 950ರ ಹತ್ತಿರ, ಹತ್ತು ನಿಮಿಷ ಒತ್ತುತ್ತಾ ಕೂರಬೇಕು. ಎರಡೂ ಜಾಣತನದ ಕೆಲಸಗಳೇ. ಆದರೆ ಲ್ಯಾಬಿನ ಮಷಿನ್ನು 10,000 ಸುತ್ತಿನ ಮೇಲೆ ಮಾತಾಡುವಾಗ ಸಾವಿರ ಸುತ್ತು ಬಹಳ ಕಡಿಮೆ. ತಿರುಗುವ ವೇಗ ಎರಡರಷ್ಟಾದರೆ ಕಣವನ್ನು ಹೊರಕ್ಕೆ ಒತ್ತುವ ಬಲ ನಾಲ್ಕರಷ್ಟಾಗುತ್ತದೆ, ವೇಗ ಹತ್ತರಷ್ಟಾದರೆ ಬಲ ನೂರರಷ್ಟು. ಇಲ್ಲಿ ವೇಗವೇ ಎಲ್ಲ.

ಈ ಸಮಸ್ಯೆ ಪ್ರಕಾಶ್ ಪ್ರಯೋಗಾಲಯದಲ್ಲಿ ಭಾಮ್ಲಾ ಅವರ ಪಾಲಿಗೆ ಬಂತು. ಮುಂಬಯಿಯಲ್ಲಿ ಬೆಳೆದು, ಮದ್ರಾಸ್ ಐಐಟಿಯಲ್ಲಿ ಓದಿದ ಅವರು ಆಗ ಅಲ್ಲಿ ಪಿಎಚ್‌ಡಿ ನಂತರದ ಸಂಶೋಧಕ. ಮನುಷ್ಯನ ತೋಳಿನ ಶಕ್ತಿಯನ್ನು ತಿರುಗುವ ವೇಗವಾಗಿ ಮಾರ್ಪಡಿಸುವ ದಾರಿಗಳನ್ನು ವಾರಗಟ್ಟಲೆ ಹುಡುಕಾಡಿದ ಮೇಲೆ ಅವರ ಗಮನ ಕೈಗಾರಿಕಾ ಯುಗಕ್ಕೂ ಹಿಂದಿನ ಆಟಿಕೆಗಳ ಕಡೆ ಹೊರಳಿತು. ಮೋಟಾರು ಹುಟ್ಟುವ ಮುಂಚೆ ಏನನ್ನಾದರೂ ಜೋರಾಗಿ ತಿರುಗಿಸುವ ಹುಚ್ಚು ಇದ್ದದ್ದು ಮಕ್ಕಳಿಗೇ ತಾನೇ. ಪಟ್ಟಿಯಲ್ಲಿ ಮೂರು ಹೆಸರು: ಬುಗುರಿ, ಯೋ-ಯೋ, ಗಿರಗಿಟ್ಲೆ. ಮೂರೂ ದಾರ ಎಳೆದು ತಿರುಗಿಸುವಂಥವು.

ಬುಗುರಿಯ ವೇಗದ ಮಿತಿ ಎಲ್ಲಿದೆ ಎಂದು ಹೈಸ್ಕೂಲು ಗಣಿತದಲ್ಲೇ ನೋಡಬಹುದು. ಚಾಟಿ ಬುಗುರಿಯ ಮೈಮೇಲಿಂದ ಎಷ್ಟು ವೇಗವಾಗಿ ಬಿಚ್ಚಿಕೊಳ್ಳುತ್ತದೋ, ಚಾಟಿ ಸುತ್ತಿದ ಜಾಗದಲ್ಲಿ ಮರದ ಮೈ ಅಷ್ಟೇ ವೇಗದಲ್ಲಿ ಚಲಿಸಬೇಕು. ಗಟ್ಟಿಗನೊಬ್ಬ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಾಟಿ ಎಳೆದ ಅನ್ನಿ. ಚಾಟಿ ಸುತ್ತಿದ ಕಡೆ ಮರದ ತ್ರಿಜ್ಯ 1 ಸೆಂಟಿಮೀಟರ್ ಆದರೆ ಬುಗುರಿ ಸೆಕೆಂಡಿಗೆ ಸುಮಾರು 80 ಸುತ್ತು, ಅಂದರೆ ನಿಮಿಷಕ್ಕೆ 4,800 ಸುತ್ತು ತಿರುಗುತ್ತದೆ. ಇದಕ್ಕಿಂತ ಹೆಚ್ಚು ಬೇಕಿದ್ದರೆ ಒಂದೋ ಕೈ ಇನ್ನೂ ಜೋರಾಗಬೇಕು, ಇಲ್ಲ ಮರ ಇನ್ನೂ ಸಣ್ಣಗಾಗಬೇಕು. ಕೈಗೂ ಮರಕ್ಕೂ ಮಿತಿ ಇದೆ. ಸಾಲದ್ದಕ್ಕೆ ಬುಗುರಿಗೆ ಒಂದು ಸಲ ಬಿಟ್ಟದ್ದೇ ಬಂಡವಾಳ. ನೆಲಕ್ಕೆ ಬಿದ್ದ ಕ್ಷಣದಿಂದ ವೇಗ ಕರಗುತ್ತಲೇ ಹೋಗುತ್ತದೆ, ಮಧ್ಯೆ ಹೊಸ ಶಕ್ತಿ ತುಂಬಲು ಬರುವುದಿಲ್ಲ. ಯೋ-ಯೋದ್ದು ಇನ್ನೊಂದು ತಕರಾರು. ಅದನ್ನು ಸರಿಯಾಗಿ ಆಡಿಸಲು ಪಳಗಿದ ಕೈ ಬೇಕು, ಪಳಗಿದ ಮೇಲೂ ವೇಗ ಸಾಲದು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಯೋ-ಯೋ ಕಲಿತು ಬನ್ನಿ ಎನ್ನಲಾದೀತೇ?

ಉಳಿದದ್ದು ಗಿರಗಿಟ್ಲೆ. ಒಂದು ರಾತ್ರಿ ಭಾಮ್ಲಾ ಗುಂಡಿ-ದಾರ ಹಿಡಿದು ಆಡುತ್ತಿದ್ದವರು ಸುಮ್ಮನೆ ಕುತೂಹಲಕ್ಕೆ ಪ್ರಯೋಗಾಲಯದ ಹೈಸ್ಪೀಡ್ ಕ್ಯಾಮೆರಾ ಅದರೆದುರು ಇಟ್ಟರು. ಚಿತ್ರಗಳನ್ನು ನಿಧಾನಗೊಳಿಸಿ ಎಣಿಸಿದಾಗ ಗುಂಡಿ ನಿಮಿಷಕ್ಕೆ 10,000ದಿಂದ 15,000 ಸುತ್ತು ತಿರುಗುತ್ತಿತ್ತು. ಬೆಲೆಬಾಳುವ ಮಷಿನ್ನಿನ ವೇಗ ಅದು! ಅವರಿಗೇ ನಂಬಿಕೆ ಬರಲಿಲ್ಲವಂತೆ. ಪ್ರಕಾಶ್ ಕೂಡ ಚಿಕ್ಕಂದಿನಲ್ಲಿ ಇದೇ ಆಟಿಕೆ ಆಡಿದವರು. ಅದು ಎಷ್ಟು ವೇಗವಾಗಿ ತಿರುಗುತ್ತದೆ ಎನ್ನುವುದೊಂದು ತಮಗೆ ಗೊತ್ತಿರಲಿಲ್ಲ ಎಂದು ಹೇಳಿಕೊಂಡಿದ್ದಾರೆ. ನನ್ನ ಮಟ್ಟಿಗೆ ಈ ಆವಿಷ್ಕಾರ ಆದದ್ದು ಆ ರಾತ್ರಿಯೇ. ಕಾಗದ, ಕೊಳವೆ, ಬೆಲೆ, ಹೆಸರು ಎಲ್ಲ ಆಮೇಲಿನವು. ಐದು ಸಾವಿರ ವರ್ಷದಿಂದ ಕೈಯಲ್ಲೇ ಇದ್ದ ವಸ್ತುವನ್ನು ಒಬ್ಬರು ಅಳತೆಗೆ ಒಡ್ಡಿದರು, ಅಷ್ಟೇ ನಡೆದದ್ದು.

ಮುಂದಿನ ಎರಡು ವಾರದಲ್ಲಿ ಒಂದರ ಮೇಲೊಂದು ಮಾದರಿ ಮಾಡಿ ನೋಡಿದರು. ಕಾಗದದ ಬಿಲ್ಲೆಯ ಮೇಲೆ ರಕ್ತ ತುಂಬಿದ ಸಣ್ಣ ಕೊಳವೆ ಕೂರಿಸಿ ಎಳೆದಾಗ ರಕ್ತ ಪದರ ಪದರವಾಗಿ ಬೇರ್ಪಟ್ಟಿತು. ಅಲ್ಲಿಗೇ ಪೇಟೆಂಟು, ಪತ್ರಿಕಾಗೋಷ್ಠಿ ಎಂದು ಹೊರಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಈ ಆಟಿಕೆ ನಿಜಕ್ಕೂ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಮುಂದಿಟ್ಟುಕೊಂಡು ಕೂತರು. ಎಂಐಟಿ ಮತ್ತು ಸ್ಟ್ಯಾನ್‌ಫರ್ಡ್‌ನ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಗಣಿತದ ಮಾದರಿ ಕಟ್ಟತೊಡಗಿದರು. ಕತೆಯ ಸ್ವಾರಸ್ಯ ಇರುವುದೇ ಇಲ್ಲಿ.

ಗಿರಗಿಟ್ಲೆ ಆಡುವಾಗ ಎಲ್ಲರ ಕಣ್ಣೂ ಬಿಲ್ಲೆಯ ಮೇಲೆ. ಗುಟ್ಟು ಇರುವುದು ದಾರದಲ್ಲಿ. ಹುರಿ ಏರಿದ ದಾರವನ್ನು ಎಳೆದಾಗ ಅದು ಬಿಚ್ಚಿಕೊಳ್ಳುತ್ತಾ ಬಿಲ್ಲೆಯನ್ನು ತಿರುಗಿಸುತ್ತದೆ. ಹುರಿ ಪೂರ್ತಿ ಬಿಚ್ಚಿದ ಕ್ಷಣದಲ್ಲಿ ಬಿಲ್ಲೆ ತನ್ನ ಗರಿಷ್ಠ ವೇಗದಲ್ಲಿ ಇರುತ್ತದೆ. ಆಗ ಕೈ ಸಡಿಲಿಸಬೇಕು. ವೇಗದಲ್ಲಿರುವ ಬಿಲ್ಲೆ ನಿಲ್ಲದೆ ಮುಂದಕ್ಕೆ ತಿರುಗಿ ದಾರವನ್ನು ಈಗ ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತದೆ, ಕೈಗಳನ್ನು ಒಳಕ್ಕೆ ಸೆಳೆಯುತ್ತದೆ. ತನ್ನ ಶಕ್ತಿಯೆಲ್ಲ ದಾರದ ಹುರಿಗೆ ಹೋದ ಮೇಲೆ ಒಂದು ಕ್ಷಣ ನಿಲ್ಲುತ್ತದೆ. ಆಗ ಮತ್ತೆ ಎಳೆಯಬೇಕು. ಮಜ್ಜಿಗೆ ಕಡೆಯುವಾಗಲೂ ಕಡಗೋಲು ಹಗ್ಗದೊಂದಿಗೆ ಹೀಗೇ ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತದೆ. ವ್ಯತ್ಯಾಸ ಏನೆಂದರೆ ಕಡಗೋಲಿನಲ್ಲಿ ಎರಡು ದಿಕ್ಕಿಗೂ ಕೈಯೇ ಎಳೆಯಬೇಕು. ಗಿರಗಿಟ್ಲೆಯಲ್ಲಿ ವಾಪಸು ಸುತ್ತುವ ಕೆಲಸವನ್ನು ಬಿಲ್ಲೆ ತಾನೇ ಮಾಡಿಕೊಳ್ಳುತ್ತದೆ. ಕೈಗೆ ಅಷ್ಟು ಹೊತ್ತು ಬಿಡುವು.

ಬುಗುರಿಗೆ ಮಾಡಿದ ಲೆಕ್ಕವನ್ನು ಇಲ್ಲಿಗೆ ತಂದು ನೋಡಿ. ಬುಗುರಿಯಲ್ಲಿ ದಾರ ಸುತ್ತಿಕೊಳ್ಳುವುದು ಮರದ ಮೇಲೆ. ಗಿರಗಿಟ್ಲೆಯಲ್ಲಿ ಮರವೇ ಇಲ್ಲ, ದಾರ ಸುತ್ತಿಕೊಳ್ಳುವುದು ಇನ್ನೊಂದು ಎಳೆ ದಾರದ ಮೇಲೆ. ದಾರದ ದಪ್ಪ ಅರ್ಧ ಮಿಲಿಮೀಟರ್ ಆದರೆ ಸುತ್ತಿನ ತ್ರಿಜ್ಯ ಸೆಂಟಿಮೀಟರಿನ ಲೆಕ್ಕದಿಂದ ಮಿಲಿಮೀಟರಿನ ಕಾಲುಭಾಗಕ್ಕೆ ಇಳಿಯಿತು. ಕೈ ಅಷ್ಟೇನೂ ಜೋರಾಗಿ ಚಲಿಸದಿದ್ದರೂ ಸುತ್ತುಗಳ ಸಂಖ್ಯೆ ಹತ್ತಾರು ಪಟ್ಟು ಏರುತ್ತದೆ. ಸಣ್ಣ ಹಲ್ಲುಚಕ್ರ ದೊಡ್ಡ ಹಲ್ಲುಚಕ್ರಗಳ ಸಾಲಿನಿಂದ ಎಂಜಿನಿಯರುಗಳು ಸಾಧಿಸುವ ವೇಗವರ್ಧನೆಯನ್ನು ಎರಡೆಳೆ ದಾರ ಒಂದಕ್ಕೊಂದು ಹೊಸೆದುಕೊಂಡೇ ಸಾಧಿಸುತ್ತದೆ.

ಇಷ್ಟೇ ಆಗಿದ್ದರೆ ಎಳೆಗಳು ಒತ್ತೊತ್ತಾಗಿ ಹೊಸೆದು ಮುಗಿದಲ್ಲಿಗೆ ಆಟ ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಕ್ಯಾಮೆರಾ ತೋರಿಸಿದ ಎರಡನೆಯ ಸಂಗತಿ ಅದು. ಎಳೆಗಳ ನಡುವೆ ಜಾಗ ಮುಗಿದ ಮೇಲೂ ಬಿಲ್ಲೆ ತಿರುಗುತ್ತಲೇ ಇದ್ದರೆ, ಹೊಸೆದ ಜೋಡಿದಾರ ಒಟ್ಟಾಗಿ ಮಡಚಿಕೊಂಡು ತನ್ನ ಮೇಲೆ ತಾನೇ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತದೆ. ಹುರಿಯ ಮೇಲೆ ಹುರಿ. ಹಗ್ಗ ಹೊಸೆಯುವಾಗ ಕೈ ತಪ್ಪಿ ಹೆಚ್ಚು ತಿರುವಿದರೆ ಅಲ್ಲಲ್ಲಿ ಗಂಟಿನ ಹಾಗೆ ಉಬ್ಬಿ ಏಳುತ್ತದಲ್ಲ, ಅದು ಇದೇ. ಎರಡು ಅಡಿ ನೂಲು ತೆಗೆದುಕೊಂಡು ಎರಡೂ ತುದಿ ಹಿಡಿದು ತಿರುವುತ್ತಾ ಹೋಗಿ, ತುಸು ಸಡಿಲ ಬಿಡಿ: ನಡುವೆ ಸಣ್ಣ ಕುಣಿಕೆ ಎದ್ದು ಸರಕ್ಕನೆ ಸುತ್ತಿಕೊಳ್ಳುವುದು ಕಾಣುತ್ತದೆ. ಈ ಎರಡನೆಯ ಹುರಿಯಲ್ಲಿ ದಾರ ಬಹಳ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಮುಂದಿನ ಎಳೆತದಲ್ಲಿ ಅದಷ್ಟೂ ಬಿಲ್ಲೆಗೆ ಸಂದಾಯವಾಗುತ್ತದೆ.

ಹೀಗೆ ಹುರಿಯ ಮೇಲೆ ಹುರಿ ಏರುವುದನ್ನು ಲೆಕ್ಕಕ್ಕೆ ಹಿಡಿಯುವ ಸಮೀಕರಣಗಳು ಜೀವವಿಜ್ಞಾನದಲ್ಲಿ ಆಗಲೇ ಇದ್ದವು. ನಮ್ಮ ಜೀವಕೋಶದೊಳಗಿನ ಡಿಎನ್‌ಎ ಕೂಡ ಎರಡೆಳೆಯ ಹುರಿ; ಅತಿಯಾಗಿ ತಿರುವಿದರೆ ಅದೂ ತನ್ನ ಮೇಲೆ ತಾನು ಸುತ್ತಿಕೊಳ್ಳುತ್ತದೆ. ಆ ಭೌತವಿಜ್ಞಾನವನ್ನೇ ಎರವಲು ತಂದು ಭಾಮ್ಲಾ ಬಳಗ ಗಿರಗಿಟ್ಲೆಯ ದಾರಕ್ಕೆ ಅನ್ವಯಿಸಿತು. ಬಿಲ್ಲೆಯ ಅಗಲ, ದಾರದ ದಪ್ಪ, ಅದು ಹಿಗ್ಗುವ ಗುಣ, ಎಳೆಯುವ ಬಲ, ಬಿಲ್ಲೆಗೆ ಗಾಳಿ ಒಡ್ಡುವ ತಡೆ, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಯಾವುದನ್ನು ಬದಲಿಸಿದರೆ ವೇಗ ಎಷ್ಟು ಬದಲಾಗುತ್ತದೆ ಎಂದು ನೋಡಿದರು. ಬೇರೆ ಬೇರೆ ಅಗಲದ ಬಿಲ್ಲೆಗಳನ್ನು ಕೈಯಾರೆ ತಿರುಗಿಸಿ ಲೆಕ್ಕಕ್ಕೂ ನಿಜಕ್ಕೂ ತಾಳೆ ನೋಡಿದರು. ಅಷ್ಟಾದ ಮೇಲೆ ಎಲ್ಲರೂ ಬಲ್ಲ ಆಟಿಕೆ ಬೇಕಾದ ಅಳತೆಗೆ ತಯಾರಿಸಬಹುದಾದ ಸಲಕರಣೆಯಾಯಿತು.

ಇಲ್ಲಿ ಪತ್ರಿಕೆಗಳು ಬೆರೆಸಿಬಿಟ್ಟ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ನಿಮಿಷಕ್ಕೆ 1,25,000 ಸುತ್ತು, ಭೂಮಿಯ ಸೆಳೆತದ 30,000 ಪಟ್ಟು ಬಲ ಎಂಬ ಸಂಖ್ಯೆಗಳು ಗುಂಡಿಯಷ್ಟೇ ಚಿಕ್ಕ ಬಿಲ್ಲೆಯವು. ಬಿಲ್ಲೆ ಚಿಕ್ಕದಾದಷ್ಟೂ ಅದನ್ನು ತಿರುಗಿಸುವುದು ಹಗುರ, ಗಾಳಿಯ ತಡೆಯೂ ಕಡಿಮೆ. ರಕ್ತದ ಕೊಳವೆ ಹೊತ್ತುಕೊಳ್ಳುವ ಅಂಗೈ ಅಗಲದ ಬಿಲ್ಲೆ ಅಷ್ಟು ಓಡುವುದಿಲ್ಲ. ಅದರ ವೇಗ 20,000ದ ಆಸುಪಾಸು. ರಕ್ತ ಬೇರ್ಪಡಿಸಲು ಅಷ್ಟೇ ಧಾರಾಳ. ಲೇಖನದಲ್ಲಿ 10 ಲಕ್ಷ ಸುತ್ತು ಎಂಬ ಇನ್ನೊಂದು ಸಂಖ್ಯೆಯೂ ಇದೆ, ಅದು ಲೆಕ್ಕದ ಪ್ರಕಾರ ತಲುಪಬಹುದಾದ ಮಿತಿ. ಯಾರೂ ತಲುಪಿಲ್ಲ. ಶೀರ್ಷಿಕೆಗೆ ದೊಡ್ಡ ಸಂಖ್ಯೆ ಹಿಡಿಸುತ್ತದೆ, ರೋಗಿಗೆ ಉಪಯೋಗಕ್ಕೆ ಬರುವುದು ಆ 20,000.

ಬಿಲ್ಲೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಾ, ನಡುನಡುವೆ ನಿಲ್ಲುತ್ತಾ ಇದ್ದರೆ ಬೇರ್ಪಟ್ಟ ರಕ್ತ ಮತ್ತೆ ಬೆರೆಯುವುದಿಲ್ಲವೇ ಎಂಬ ಅನುಮಾನ ಸಹಜ. ಬಲಕ್ಕೆ ತಿರುಗಲಿ ಎಡಕ್ಕೆ ತಿರುಗಲಿ, ಕಣಗಳನ್ನು ಒತ್ತುವ ಬಲ ಮಾತ್ರ ಯಾವಾಗಲೂ ನಡುವಿನಿಂದ ಹೊರಕ್ಕೇ. ನಿಲ್ಲುವುದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಕೊಳವೆಯೂ ಬಹಳ ಕಿರಿದು, ಅದನ್ನು ನಡುವಿನಿಂದ ಅಂಚಿಗೆ ಮುಖಮಾಡಿ ಕೂರಿಸಿರುತ್ತಾರೆ. ಒಳಗೆ ಕಲಕುವುದಕ್ಕೆ ಜಾಗವೇ ಇಲ್ಲ. ಎದುರುಬದುರು ಎರಡು ಕಡೆ ಸಮತೂಕ ಇರಬೇಕು, ಇಲ್ಲದಿದ್ದರೆ ಬಿಲ್ಲೆ ಒದರಾಡುತ್ತದೆ. ಲ್ಯಾಬ್ ಟೆಕ್ನಿಷಿಯನ್ನರು ದೊಡ್ಡ ಮಷಿನ್ನಿನಲ್ಲೂ ದಿನಾ ಇದನ್ನೇ ಪಾಲಿಸುತ್ತಾರೆ. ಕೊಳವೆ ಬಿಟ್ಟುಕೊಂಡು ಹಾರಿದರೆ, ಒಡೆದರೆ ರಕ್ತ ಚೆಲ್ಲುತ್ತದಲ್ಲ, ಅದಕ್ಕೆ ಕೊಳವೆಯನ್ನು ಇನ್ನೊಂದು ಪ್ಲಾಸ್ಟಿಕ್ ಸ್ಟ್ರಾದೊಳಗೆ ಇಟ್ಟು ತುದಿಯನ್ನು ಅಂಟಿನಿಂದ ಮುಚ್ಚಿದರು. ಎಳನೀರು ಕುಡಿಯಲು ಕೊಡುತ್ತಿದ್ದರಲ್ಲ, ಅದೇ ಸ್ಟ್ರಾ.

ಫಲಿತಾಂಶ: ಬೆರಳು ಚುಚ್ಚಿ ತೆಗೆದ ರಕ್ತದಿಂದ ಶುದ್ಧ ಪ್ಲಾಸ್ಮಾ ಒಂದೂವರೆ ನಿಮಿಷದೊಳಗೆ ಬೇರೆಯಾಯಿತು. ಪೂರ್ತಿ 15 ನಿಮಿಷ ಎಳೆದರೆ ಮಲೇರಿಯಾ ಪರಾವಲಂಬಿಗಳನ್ನೂ ಪ್ರತ್ಯೇಕಿಸಬಹುದು. ಮಲೇರಿಯಾ ಹೊಕ್ಕ ಕೆಂಪು ಕಣ ಆರೋಗ್ಯವಂತ ಕಣಕ್ಕಿಂತ ತುಸು ಹಗುರ; ಹಾಗಾಗಿ ಅದು ಉಳಿದ ಕೆಂಪು ಕಣಗಳ ಮೇಲ್ಭಾಗದಲ್ಲಿ, ಬಿಳಿ ಕಣಗಳ ತೆಳು ಪದರದ ಹತ್ತಿರ ಬಂದು ನಿಲ್ಲುತ್ತದೆ. ಕೊಳವೆಯ ಒಳಗೋಡೆಗೆ ಅಕ್ರಿಡಿನ್ ಆರೆಂಜ್ ಎಂಬ ಬಣ್ಣ ಮೊದಲೇ ಬಳಿದಿದ್ದರೆ ಪರಾವಲಂಬಿಗಳು ಹೊಳೆಯುತ್ತವೆ, ಕೊಳವೆಯನ್ನು ಹಾಗೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಬಹುದು. ಗಾಜಿನ ಚೂರಿನ ಮೇಲೆ ರಕ್ತ ಬಳಿದು, ಒಣಗಿಸಿ, ಬಣ್ಣ ಹಾಕಿ, ಒಂದೊಂದೇ ಭಾಗವನ್ನು ಕಣ್ಣು ಕಿರಿದಾಗಿಸಿ ಹುಡುಕುವ ಕಷ್ಟ ಎಂಥದ್ದು ಎಂದು ಮಂಗಳೂರಿನ ಕಡೆಯ ಮಲೇರಿಯಾ ಕಾರ್ಯಕರ್ತರನ್ನು ಕೇಳಿದರೆ ಹೇಳುತ್ತಾರೆ. ಹುಡುಕಬೇಕಾದ್ದು ಒಂದೇ ಪದರದಲ್ಲಿ ಬಂದು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಲೇಖನ ಪ್ರಕಟವಾಗುವ ಹೊತ್ತಿಗೆ ಪ್ರಕಾಶ್ ಮತ್ತು ಭಾಮ್ಲಾ ಮಡಗಾಸ್ಕರ್‌ಗೆ ಹೋಗಿ ಬಂದಿದ್ದರು. ಅಲ್ಲಿನ ಪಾಸ್ಚರ್ ಸಂಸ್ಥೆ ಮತ್ತು ಪಿವೊಟ್ ಎಂಬ ಆರೋಗ್ಯ ಸಂಘಟನೆಯ ಜೊತೆ ಸೇರಿ ಹಳ್ಳಿಗಾಡಿನ ಪರೀಕ್ಷೆ ಶುರು ಮಾಡಿದ್ದರು.

ಹೊಗಳಿಕೆ ಸಾಕಷ್ಟಾಯಿತು, ಈಗ ತಕರಾರು. 13 ರೂಪಾಯಿಯ ಸೆಂಟ್ರಿಫ್ಯೂಜ್ ಎಂದರೆ 13 ರೂಪಾಯಿಯ ರಕ್ತಪರೀಕ್ಷೆ ಎಂದಲ್ಲ. ಬೆರಳು ಚುಚ್ಚುವ ಸೂಜಿ ಬೇಕು, ಕೊಳವೆ ಬೇಕು, ಬಣ್ಣ ಬೇಕು, ಸೂಕ್ಷ್ಮದರ್ಶಕ ಬೇಕು, ನೋಡಿ ಹೇಳಬಲ್ಲ ಕಣ್ಣು ಬೇಕು, ಬಳಸಿದ್ದನ್ನು ಸುರಕ್ಷಿತವಾಗಿ ಎಸೆಯುವ ವ್ಯವಸ್ಥೆ ಬೇಕು. ಒಂದೂವರೆ ನಿಮಿಷ ಎಳೆಯುವುದು ಯಾರಿಗೂ ಸುಲಭ. ಹದಿನೈದು ನಿಮಿಷ ಲಯ ತಪ್ಪದೆ ಎಳೆಯುವುದು ತೋಳಿಗೆ ಶಿಕ್ಷೆ, ಅದೂ ದಿನಕ್ಕೆ ಹತ್ತು ಹದಿನೈದು ಜನರ ರಕ್ತ ನೋಡಬೇಕಾದರೆ. ಕರೆಂಟು ನೆಟ್ಟಗಿರುವ ಲ್ಯಾಬಿಗೆ ಇದು ಪರ್ಯಾಯವಲ್ಲ. ಕರೆಂಟಿಲ್ಲದ ಕಡೆಯೂ ಇದು ಸರಪಳಿಯ ಒಂದು ಕೊಂಡಿ ಮಾತ್ರ. ಈ ಕೊಂಡಿ ಇಷ್ಟು ಅಗ್ಗಕ್ಕೆ ಸಿಗುತ್ತದೆ ಎಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ ಎನ್ನುವುದೂ ಅಷ್ಟೇ ನಿಜ.

ಕಾಗದವೇ ಆಗಬೇಕೆಂದೇನೂ ಇಲ್ಲ ಎಂಬುದನ್ನು ಅದೇ ಲೇಖನ ತೋರಿಸಿಕೊಟ್ಟಿತ್ತು. ಪ್ಲಾಸ್ಟಿಕ್ಕಿನಲ್ಲಿ, ತ್ರೀಡಿ ಮುದ್ರಣದಲ್ಲಿ ಮಾಡಿದ ಬಿಲ್ಲೆಗಳೂ ಓಡಿದವು. ಆಮೇಲೆ ಜಾರ್ಜಿಯಾ ಟೆಕ್ ಸೇರಿದ ಭಾಮ್ಲಾ ಅದೇ ಎಳೆ ಹಿಡಿದು ಮುಂದುವರಿದರು. 2019ರಲ್ಲಿ ಅವರ ತಂಡ 'ಪ್ಲೋಸ್ ಬಯಾಲಜಿ' ಪತ್ರಿಕೆಯಲ್ಲಿ ತ್ರೀಡಿ ಪ್ರಿಂಟರಿನಿಂದ ಮಾಡಿದ ಗಿರಗಿಟ್ಲೆಯ ವಿವರ ಕೊಟ್ಟಿತು. ವೇಗ ಕಾಗದದ್ದಕ್ಕಿಂತ ಕಡಿಮೆ, ಆದರೆ ಡಿಎನ್‌ಎ ಕೆಲಸಕ್ಕೆ ಬಳಸುವ ಸಣ್ಣ ಪ್ಲಾಸ್ಟಿಕ್ ಟ್ಯೂಬುಗಳನ್ನೇ ಅದರಲ್ಲಿ ಕೂರಿಸಬಹುದು. ಅಮೆಜಾನ್ ಮಳೆಕಾಡಿನಲ್ಲಿ ಜೀವಿಗಳ ಡಿಎನ್‌ಎ ಓದಲು ಹೋದವರೂ ಅಮೆರಿಕದ ಹೈಸ್ಕೂಲು ಮಕ್ಕಳೂ ಅದನ್ನು ಬಳಸಿ ನೋಡಿದರು.

ನಮಗೆ ಹತ್ತಿರದ ಇನ್ನೊಂದು ಪ್ರಯೋಗ 2020ರದು. ಬೆರಳ ಮೇಲೆ ತಿರುಗಿಸುವ ಫಿಜೆಟ್ ಸ್ಪಿನ್ನರ್ ಎಂಬ ಆಟಿಕೆ ಕೆಲ ವರ್ಷದ ಹಿಂದೆ ನಮ್ಮ ಮಕ್ಕಳ ಕೈಯಲ್ಲೆಲ್ಲ ಕಾಣುತ್ತಿತ್ತಲ್ಲ, ದಕ್ಷಿಣ ಕೊರಿಯಾದ ಉಲ್ಸಾನ್‌ನ ವಿಜ್ಞಾನಿಗಳು ಅದೇ ಮಾದರಿಯಲ್ಲಿ ಮೂತ್ರನಾಳದ ಸೋಂಕು ಪತ್ತೆಹಚ್ಚುವ ಸಾಧನ ಮಾಡಿದರು. ಒಂದೆರಡು ಸಲ ಬೆರಳಿನಿಂದ ತಿರುಗಿಸಿದರೆ ಮೂತ್ರದ ಬ್ಯಾಕ್ಟೀರಿಯಾಗಳು ಒಳಗಿನ ಜಾಲರಿಯ ಮೇಲೆ ಶೇಖರವಾಗುತ್ತವೆ, ಬಣ್ಣ ನೋಡಿ ಸೋಂಕು ಹೇಳಬಹುದು. ಅದನ್ನು ರೋಗಿಗಳ ಮೇಲೆ ಪರೀಕ್ಷಿಸಿದ್ದು ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ, ಸೋಂಕಿನ ಶಂಕೆಯಿದ್ದ 39 ಜನರಲ್ಲಿ. ಸೋಂಕಿಲ್ಲದವರಿಗೆ ಸುಮ್ಮನೆ ಆಂಟಿಬಯೋಟಿಕ್ ಬರೆದುಕೊಡುವುದನ್ನು ಇಂಥ ಪರೀಕ್ಷೆ ತಪ್ಪಿಸಬಲ್ಲದು ಎಂದು ಅವರು ತೋರಿಸಿದರು.

ವಿಜ್ಞಾನ ಪಾಠ ಮಾಡುವ ಮೇಷ್ಟ್ರು-ಮೇಡಮ್ಮುಗಳಿಗೆ ಒಂದು ಮಾತು. ಹೈಸ್ಪೀಡ್ ಕ್ಯಾಮೆರಾ ಈಗ ಬಹಳಷ್ಟು ಮೊಬೈಲುಗಳಲ್ಲೇ ಇದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನು ಬುಗುರಿಯ ವೇಗ ಎಣಿಸಲು ಸಾಕು: ಬುಗುರಿಯ ತಲೆಯ ಅಂಚಿಗೆ ಸುಣ್ಣದ ಒಂದು ಚುಕ್ಕೆ ಇಟ್ಟು, ಚಿತ್ರ ತೆಗೆದು, ಚುಕ್ಕೆ ಒಂದು ಸುತ್ತು ಬರಲು ಎಷ್ಟು ಚಿತ್ರ ಹಿಡಿಯಿತು ಎಂದು ಮಕ್ಕಳಿಂದ ಎಣಿಸಿ. ಮೂರು ಚಿತ್ರಕ್ಕೊಂದು ಸುತ್ತಾದರೆ ನಿಮಿಷಕ್ಕೆ 4,800. ಚಾಟಿಯ ದಪ್ಪ ಬದಲಿಸಿ, ಉದ್ದ ಬದಲಿಸಿ, ಸುತ್ತುವ ಜಾಗ ಬದಲಿಸಿ ಮತ್ತೆ ಅಳೆಯಲಿ. ಗಿರಗಿಟ್ಲೆಗೆ ತಗಡು ಬೇಡ, ಅಂಚು ಕೊಯ್ಯುತ್ತದೆ. ದಪ್ಪ ರಟ್ಟಿನ ಬಿಲ್ಲೆ ಸಾಕು, ಮುಖದಿಂದ ದೂರ ಹಿಡಿದು ಎಳೆಯಲಿ. ಅದರ ಪೂರ್ತಿ ವೇಗ ಹಿಡಿಯಲು 240 ಚಿತ್ರ ಸಾಲುವುದಿಲ್ಲ. ಹಾಗಾದರೆ ಇನ್ನೇನು ಉಪಾಯ ಎಂದು ಮಕ್ಕಳನ್ನೇ ಕೇಳಿ.